ಮುನ್ಸೂಚನೆಗೆ ಹದಿನೆಂಟು ಅಂಕ

ಕಡಲತಡಿಯ ಬೆಸ್ತರ ಊರು ಗ್ರಾನ್ ಕೊರಾಯ್‌ನಲ್ಲಿ ಯಾವ ಮನೆಯ ಬಾಗಿಲು ತಟ್ಟಿದರೂ ಮಿಸ್ ಇಸ್ಮೇ ಟೆಲ್ಸ್‌ಫರ್ಡ್ ಅವರ ಕೈಯಲ್ಲಿ ಇಂಗ್ಲಿಷ್ ಕಲಿತವರು ಒಬ್ಬರಾದರೂ ಸಿಗುತ್ತಾರೆ. ಕಲಿಯದೆ ಬರೀ ಬೈಸಿಕೊಂಡವರು ಇಬ್ಬರು ಸಿಗುತ್ತಾರೆ. ಮೀನು ಕೊಯ್ಯುವ ಹೆಂಗಸಿಗೆ ಅಲ್ಲಿ ಉಪಮೆ ಅಂದರೇನು ಗೊತ್ತು. ಬಸ್ಸಿನ ಡ್ರೈವರನಿಗೆ ವ್ಯಂಗ್ಯಕ್ಕೂ ಕುಹಕಕ್ಕೂ ಇರುವ ವ್ಯತ್ಯಾಸ ಗೊತ್ತು. ಹಿಂದೆ ಕೂತವರು "ಏನು ಸ್ಪೀಡಪ್ಪಾ ನಿಂದು" ಎಂದರೆ ಅದು ಎರಡರಲ್ಲಿ ಯಾವುದು ಎಂದು ವಿಂಗಡಿಸಿ ಹೇಳಿ, ಆಮೇಲೆ ಬೇಕೆಂದೇ ಇನ್ನೂ ನಿಧಾನ ಮಾಡುತ್ತಾನೆ. ಇದೆಲ್ಲ ಆಕೆಯ ಪ್ರತಾಪ.

ಆಂಗ್ಲಿಕನ್ ಚರ್ಚಿನ ಹಿಂದೆ, ತಾಯಿ ಬಿಟ್ಟುಹೋದ ಹಲಗೆ ಮನೆಯಲ್ಲಿ ಆಕೆ ಒಬ್ಬರೇ ಇರುತ್ತಿದ್ದರು. ಉದ್ದಕ್ಕೆ, ಸಣ್ಣಗೆ, ಬಿಸಿಲಿರಲಿ ಮಳೆಯಿರಲಿ ಕೈಯಲ್ಲೊಂದು ಕೊಡೆ, ಕಾಲಿಗೆ ಮುಚ್ಚಿದ ಕಪ್ಪು ಬೂಟು. ಬೆಳಿಗ್ಗೆ ಕೋಕೋ ಚಹಾ, ಸುಟ್ಟ ಜೀಗುಜ್ಜೆ, ಒಂದು ತುಂಡು ಉಪ್ಪುಮೀನು. ಅದರಲ್ಲಿ ಬದಲಾವಣೆ ಆಗಿದ್ದನ್ನು ಯಾರೂ ಕಂಡಿಲ್ಲ. ಮದುವೆಗೆ ಕೇಳಿಕೊಂಡು ಬಂದವನೊಬ್ಬ ಪತ್ರದಲ್ಲಿ ಸವಕಲು ಉಪಮೆ ಬಳಸಿದ್ದಕ್ಕೆ ಆಕೆ ಬೇಡ ಅಂದರು ಎಂದು ಊರು ಹೇಳುತ್ತದೆ. ಊರು ಏನು ಬೇಕಾದರೂ ಹೇಳುತ್ತದೆ, ಅದನ್ನು ಬಿಡಿ.

ಆಕೆಗೆ ಒಂದು ಮಾತಿನ ಮೇಲೆ ಮಾತ್ರ ಕಲ್ಲಿನಂಥ ನಂಬಿಕೆ. ಬರೆದವನು ಬೇರೆ, ಬರಹದೊಳಗೆ "ನಾನು" ಅನ್ನುವವನು ಬೇರೆ. ಈ ನಂಬಿಕೆ ಬಂದಿದ್ದಕ್ಕೂ ಒಂದು ಕಾರಣ ಇದೆ. ಆಕೆ ಹುಡುಗಿಯಾಗಿದ್ದಾಗ ಕ್ಲಾಸಿನಲ್ಲಿ ಒಂದು ಪದ್ಯ ಓದಿಸಿದರು. ಅದರಲ್ಲಿ ಒಬ್ಬ ತನ್ನ ಸತ್ತ ಮಗುವಿಗಾಗಿ ಗೋಳಾಡುತ್ತಾನೆ. ಇಸ್ಮೇ ಎದ್ದು ನಿಂತು, "ಪಾಪ, ಕವಿಯ ಮಗು ತೀರಿಹೋಗಿದೆ ಸರ್" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಹೆಡ್‌ಮಾಸ್ಟರರು ಬೆತ್ತ ಮೇಜಿನ ಮೇಲಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. "ಆ ಮನುಷ್ಯ ಮದುವೇನೇ ಆಗಿರಲಿಲ್ಲ ಕಣೇ ದಡ್ಡಿ." ಇಡೀ ಕ್ಲಾಸು ನಕ್ಕಿತು. ಆ ನಗುವನ್ನು ಆಕೆ ಜನ್ಮಪೂರ್ತಿ ಮರೆಯಲಿಲ್ಲ.

ಹಾಗಾಗಿ ಆಕೆಯ ಕ್ಲಾಸಿನಲ್ಲಿ ಯಾರಾದರೂ "ಕವಿ ಹೇಳುತ್ತಾನೆ" ಎಂದು ಬಾಯಿ ತೆರೆದರೆ ಮುಗಿಯಿತು. "ಕವಿ ಎಲ್ಲಿ ಹೇಳಿದ? ನಿನ್ನ ಕಿವೀಲಿ ಬಂದು ಹೇಳಿದ್ನಾ? ನಿರೂಪಕ ಹೇಳ್ತಾನೆ ಅನ್ನು." ಪರೀಕ್ಷೆಯಲ್ಲಿ ಈ ಒಂದು ಪದಕ್ಕೇ ಅಂಕ ಹೋಗುತ್ತಿತ್ತು, ಬರುತ್ತಿತ್ತು. ಆಕೆ ಹೇಳಿಕೊಟ್ಟದ್ದು ತಪ್ಪಲ್ಲ. ಇವತ್ತಿಗೂ ಅದು ತಪ್ಪಲ್ಲ.

ಆಕೆಯ ಇನ್ನೊಂದು ಪದ್ಧತಿ ಹೀಗೆ. ಪ್ರತಿ ವಾರ ಮಕ್ಕಳು ಒಂದು ಕತೆ ಬರೆಯಬೇಕು. ಶುಕ್ರವಾರ ಅದರಲ್ಲಿ ಚೆನ್ನಾಗಿರುವುದನ್ನು ಆಕೆಯೇ ಗಟ್ಟಿಯಾಗಿ ಓದುವರು. ಸೋಮವಾರ ಅದೇ ಕತೆ ಬೋರ್ಡಿನ ಮೇಲೆ ಗದ್ಯಭಾಗವಾಗಿ ಬರುತ್ತದೆ, ಕೆಳಗೆ ಪ್ರಶ್ನೆಗಳು. ಹೇಳಿದ್ದೇನು, ಹೇಳದೆ ಬಿಟ್ಟದ್ದೇನು, ಯಾವ ಸಾಲಿನಿಂದ ನಿನಗದು ಗೊತ್ತಾಯಿತು. ಶಾಲೆ ಗುಡ್ಡದ ಮೇಲಿದೆ, ಕಿಟಕಿಗೆ ಗಾಜಿಲ್ಲ, ಮರದ ಬಾಗಿಲು ತೆರೆದರೆ ಕೆಳಗೆ ಕಡಲತಡಿ. ಆಕೆಯ ದನಿ ಅಲ್ಲಿ ಬಲೆ ಹೊಲಿಯುವವರವರೆಗೂ ಇಳಿಯುತ್ತಿತ್ತು.

ಆ ವರ್ಷದ ಮೇ ತಿಂಗಳಲ್ಲಿ ಕಡಲು ಅತಿಯಾಗಿ ಸುಮ್ಮನಿತ್ತು. ವಯಸ್ಸಾದವರಿಗೆ ಅದು ಹಿಡಿಸಲಿಲ್ಲ. ಸುರಮಾಯಿ ಮೀನು ಮಾತ್ರ ಯಾರೋ ಅಟ್ಟಿಸಿಕೊಂಡು ಬಂದಂತೆ ದಡದ ಹತ್ತಿರಕ್ಕೇ ಬರುತ್ತಿತ್ತು. ಜೂನ್ ಕೊನೆಗೆ ಬೆಸ್ತರ ಹಬ್ಬ. ಅಲ್ಲಿಯವರೆಗೆ ಹಿಡಿದಷ್ಟು ಲಾಭ ಎಂದು ಗಂಡಸರು ಹೊತ್ತು ಹುಟ್ಟುವ ಮುಂಚೆಯೇ ದೋಣಿ ಇಳಿಸುತ್ತಿದ್ದರು.

ಆ ತಿಂಗಳೇ ಮಿಸ್ ಇಸ್ಮೇ ಮೂರನೇ ಫಾರ್ಮಿನ, ಹದಿಮೂರು ಹದಿನಾಲ್ಕರ ಮಕ್ಕಳಿಗೆ ಮುನ್ಸೂಚನೆಯ ಪಾಠ ಶುರುಮಾಡಿದರು. ಕತೆಯ ಕೊನೆಗೆ ಬರುವ ಕೇಡನ್ನು ಕತೆಗಾರ ಮೊದಲೇ ಸಣ್ಣ ಸಣ್ಣ ಗುರುತುಗಳಲ್ಲಿ ಇಟ್ಟಿರುತ್ತಾನೆ, ಕಣ್ಣಿದ್ದವರು ಹೆಕ್ಕಿಕೊಳ್ಳಬೇಕು, ಎಂದರು. ಹುಡುಗರಿಗೆ ಹೊಸ ಆಟಿಕೆ ಸಿಕ್ಕಿದಂತಾಯಿತು.

"ಮಿಸ್, ಬೆಳಿಗ್ಗೆ ನಮ್ಮಮ್ಮ ಸೌಟು ಹಿಡ್ಕೊಂಡೇ ಎಬ್ಬಿಸಿದ್ಲು. ಇದು ಮುನ್ಸೂಚನೇನಾ?"

"ಅಲ್ಲಪ್ಪ, ಅದು ನೇರ ಸೂಚನೆ. ಕೂತ್ಕೋ."

ಎಲ್ಲರೂ ನಕ್ಕರು. ಮೂರನೇ ಬೆಂಚಿನ ಡೆಲ್ರೀನ್ ನಗಲಿಲ್ಲ. ಕಾಸ್ಮೋರ್ ಮೊಡೆಸ್ಟ್ ಎಂಬ ಬೆಸ್ತನ ಒಬ್ಬಳೇ ಮಗಳು ಅವಳು. ಮಾತು ಕಡಿಮೆ, ಅಕ್ಷರ ದುಂಡಗೆ. ಅವಳು ಕೈ ಎತ್ತಿದಳು.

"ಮಿಸ್, ಗುರುತು ಕಂಡವರು ಕತೆಯೊಳಗೇ ಇದ್ರೆ, ಅವರು ಯಾರಿಗಾದ್ರೂ ಹೇಳಬಹುದಲ್ವಾ?"

"ಹೇಳಬಹುದು. ಆದ್ರೆ ಯಾರೂ ಕೇಳಿಸ್ಕೊಳ್ಳಲ್ಲ. ಕೇಳಿಸ್ಕೊಂಡುಬಿಟ್ರೆ ಕತೆ ಅಲ್ಲಿಗೇ ಮುಗಿದುಹೋಗುತ್ತಲ್ಲ ತಾಯಿ."

ಮತ್ತೆ ನಗು. ಡೆಲ್ರೀನ್ ಆ ಮಾತನ್ನು ಬರೆದುಕೊಂಡಳು.

ಈಗ ಅಲ್ಲಿಯ ಬೆಸ್ತರ ಮನೆಯ ಕಟ್ಟುಪಾಡು ಹೇಳಬೇಕು. ಗಂಡಸು ಕಡಲಿಗೆ ಹೊರಟಾಗ ಜೋಪಾನ ಅನ್ನುವ ಹಾಗಿಲ್ಲ. ಹೆಂಡತಿ ಬಾಗಿಲಿಗೆ ಬರುವ ಹಾಗಿಲ್ಲ. ಮುಳುಗುವುದು ಎಂಬ ಮಾತನ್ನಂತೂ ಮನೆಯಲ್ಲಿ ಎತ್ತುವಂತೆಯೇ ಇಲ್ಲ. ಚಹಾದಲ್ಲಿ ಬ್ರೆಡ್ಡಿನ ತುಂಡು ಬಿದ್ದರೂ ನೆನೆಯಿತು ಅನ್ನಬೇಕು. ದೋಣಿಯ ಬಗ್ಗೆ ಮನೆಯಲ್ಲಿ ಆಡಿದ ಕೆಟ್ಟ ಮಾತು ನಡೆದುಕೊಂಡು ಹೋಗಿ ಕಡಲಿಗೆ ಮುಟ್ಟುತ್ತದಂತೆ. ಕೆಲವರು ಆಡಿದ ಕೇಡು ತಪ್ಪದೆ ಆಗಿಬಿಡುತ್ತದೆ. ಅಂಥವರದು ಮೇಕೆಬಾಯಿ. ಮೇಕೆ ಬಾಯಿ ಹಾಕಿದ ಗಿಡ ಚಿಗುರುತ್ತದೆಯೇ, ಹಾಗೆ. ಒಮ್ಮೆ ಆ ಹೆಸರು ಬಿತ್ತೆಂದರೆ ಅಂಥ ಹುಡುಗಿಯನ್ನು ಮದುವೆ ಮನೆಗೂ ಕರೆಯುವುದಿಲ್ಲ, ಬಾಣಂತಿ ಕೋಣೆಗೂ ಬಿಡುವುದಿಲ್ಲ.

ಇಂಥ ಮನೆಯ ಹುಡುಗಿ ಆ ವಾರ ಬರೆದ ಕತೆಯನ್ನು ಮಿಸ್ ಇಸ್ಮೇ ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಓದಿದರು. ಓದುತ್ತ ಓದುತ್ತ ಬೆನ್ನು ನೆಟ್ಟಗಾಯಿತು. ಕತೆಯಲ್ಲಿ "ನಾನು" ಅನ್ನುವ ಹುಡುಗಿಯೊಬ್ಬಳು, ಕ್ಯಾಪ್ಟನ್ ಎಂಬವನೊಬ್ಬ, ಒಂದು ನೀಲಿ ದೋಣಿ.

"ಕ್ಯಾಪ್ಟನ್ ದೋಣಿಯ ಹಿಂಬದಿಯ ಕೆಳಹಲಗೆಗೆ ಚಾಕು ಚುಚ್ಚಿದ. ಅದು ಹಿಡಿಯವರೆಗೂ ಒಳಗೆ ಹೋಯಿತು. ಅವನು ನನ್ನ ಕಡೆ ನೋಡಿದ. ನಾನು ಟಾರಿನ ಡಬ್ಬಿಯ ಕಡೆ ನೋಡಿದೆ. ಅವನು ತೂತಿಗೆ ಹತ್ತಿ ತುರುಕಿದ, ಹತ್ತಿಯ ಮೇಲೆ ಟಾರು ಬಳಿದ, ಟಾರಿನ ಮೇಲೆ ನೀಲಿ ಬಣ್ಣ ಬಳಿದ. ಈಗ ದೋಣಿ ಹೊಸದರಂತೆ ಕಾಣುತ್ತಿತ್ತು. ಹಬ್ಬ ಮುಗಿಯಲಿ, ಹಲಗೆ ಬದಲಾಯಿಸೋಣ, ಅಂದ. ಅಮ್ಮನಿಗೆ ಹೇಳಬೇಡ ಅಂದ. ಮನೆಯಲ್ಲಿ ಆಡಬಾರದ ಮಾತು ಅದು, ನನಗೂ ಗೊತ್ತು."

ಕತೆಯ ಕೊನೆಯಲ್ಲಿ ಒಂದು ಸಂಜೆ ಎಲ್ಲರ ದೋಣಿ ಮರಳಿ ಬರುತ್ತದೆ, ನೀಲಿ ದೋಣಿ ಬರುವುದಿಲ್ಲ. ಹುಡುಗಿ ದಡದಲ್ಲಿ ನಿಂತಿರುತ್ತಾಳೆ. ಅಷ್ಟೆ.

ಇಷ್ಟು ವರ್ಷದಲ್ಲಿ ಇಂಥದ್ದು ತನ್ನ ಕೈಗೆ ಬಂದಿರಲಿಲ್ಲ ಎಂದು ಮಿಸ್ ಇಸ್ಮೇ ಅವರಿಗೆ ಅನಿಸಿತು, ಸಂತೋಷಕ್ಕೆ ಎದೆ ತುಂಬಿತು. ಬಣ್ಣದ ಸಾಲಿನ ಪಕ್ಕ ಕೆಂಪು ಪೆನ್ನಿನಲ್ಲಿ "ಸೊಗಸಾದ ಮುನ್ಸೂಚನೆ" ಎಂದು ಬರೆದರು. ಅಮ್ಮನಿಗೆ ಹೇಳಬೇಡ ಎಂಬುದರ ಪಕ್ಕ "ಮೌನದ ಒಳ್ಳೆಯ ಬಳಕೆ" ಎಂದು ಬರೆದರು. ಕೊನೆ ಸ್ವಲ್ಪ ಅವಸರವಾಯಿತು ಎಂದು ಎರಡು ಅಂಕ ಕಳೆದು ಇಪ್ಪತ್ತಕ್ಕೆ ಹದಿನೆಂಟು ಕೊಟ್ಟರು. ಆಕೆ ಯಾರಿಗೂ ಹದಿನೈದರ ಮೇಲೆ ಕೊಟ್ಟವರಲ್ಲ.

ಶುಕ್ರವಾರ ಓದಿದರು. ಕಿಟಕಿಗಳೆಲ್ಲ ತೆರೆದಿದ್ದವು. ಗೋಡೆಯ ಆಚೆ ನೆರಳಿನಲ್ಲಿ ಟ್ಯಾಂಟಿ ಫೀಲೋ ಕೂತು ಮೀನುವಡೆ ಕರಿಯುತ್ತಿದ್ದಳು. ಟ್ಯಾಂಟಿ ಅಂದರೆ ಚಿಕ್ಕಮ್ಮ, ಊರಿಗೆಲ್ಲ ಚಿಕ್ಕಮ್ಮ ಅವಳು. ಮಿಸ್ ಇಸ್ಮೇ ಕೊನೆಯ ಸಾಲಿಗೆ ಬರುವ ಹೊತ್ತಿಗೆ ಬಾಣಲೆಯ ಚುರುಚುರು ನಿಂತಿತ್ತು. ಟ್ಯಾಂಟಿ ಒಲೆ ಆರಿಸಿ, ವಡೆಯನ್ನು ಅರ್ಧಕ್ಕೇ ಬಿಟ್ಟು, ಗುಡ್ಡ ಇಳಿಯುತ್ತಿದ್ದಳು. ಊರಲ್ಲಿ ನೀಲಿ ದೋಣಿ ಇದ್ದದ್ದು ಒಂದೇ, ಕಾಸ್ಮೋರ್ ಮೊಡೆಸ್ಟನ "ಲೇಡಿ ವರ್ನಾ".

ಶನಿವಾರ ಬೆಳಿಗ್ಗೆ ಕಾಸ್ಮೋರ್ ದಡಕ್ಕೆ ಹೋದಾಗ ಗಂಡಸರೆಲ್ಲ ಅಲ್ಲೇ ಇದ್ದರು. ಆ ಕಡಲತಡಿಯಲ್ಲಿ ಒಬ್ಬನೇ ದೋಣಿ ಇಳಿಸಲು ಆಗುವುದಿಲ್ಲ, ಉಸುಕು ಕಡಿದಾಗಿದೆ. ಎಲ್ಲರ ದೋಣಿಗೂ ಎಲ್ಲರೂ ಕೈ ಕೊಡಬೇಕು, ಹಾಗೇ ನಡೆದುಕೊಂಡು ಬಂದದ್ದು. ಅವತ್ತು ಒಂದಾದ ಮೇಲೊಂದು ದೋಣಿ ನೀರಿಗಿಳಿಯಿತು. ಲೇಡಿ ವರ್ನಾದ ಸರದಿ ಬಂದಾಗ ಒಬ್ಬ ಹಗ್ಗ ಸುತ್ತತೊಡಗಿದ, ಒಬ್ಬ ಸಿಗರೇಟು ಹಚ್ಚಿದ, ಒಬ್ಬ ಆಕಾಶ ನೋಡಿದ.

"ಏನ್ರಪ್ಪಾ, ಎಲ್ಲರ ಕೈಗೂ ಲಕ್ವ ಹೊಡೀತಾ?" ಎಂದ ಕಾಸ್ಮೋರ್ ನಗುತ್ತ. ಅವನು ಆಳು ದೊಡ್ಡವನು, ನಗು ಅದಕ್ಕಿಂತ ದೊಡ್ಡದು.

"ಬಾಯಿ ಬಿದ್ದಿರೋ ದೋಣಿ ಕಣಯ್ಯಾ. ಮುಟ್ಟಿದ ಕೈಗೂ ತಗಲುತ್ತೆ. ಬೇಜಾರು ಮಾಡ್ಕೋಬೇಡ."

ಆ ದಿನ ಲೇಡಿ ವರ್ನಾ ಉಸುಕಿನ ಮೇಲೇ ಉಳಿಯಿತು. ಮನೆಗೆ ಬಂದ ಕಾಸ್ಮೋರ್ ಯಾರನ್ನೂ ಬೈಯಲಿಲ್ಲ, ಊಟವನ್ನೂ ಮಾಡಲಿಲ್ಲ. ಬೈದದ್ದು ಹೆಂಡತಿ ವರ್ನಾ. ಮಗಳ ಕೆನ್ನೆಗೆ ಎರಡು ಬಿಗಿದಳು. "ಹೆತ್ತ ಅಪ್ಪನ ಮೇಲೇ ಬಾಯಿ ಹಾಕ್ತೀಯಲ್ಲೇ, ನಿನ್ನ ನಾಲಿಗೆಗೆ ಏನು ಬಂತು?" ಡೆಲ್ರೀನ್ ಕೆನ್ನೆ ಉಜ್ಜಿಕೊಂಡಳು. ಅವತ್ತು ರಾತ್ರಿಯ ಊಟದಲ್ಲಿ ಆ ಹುಡುಗಿ ಎರಡು ಸಲ ಬಡಿಸಿಕೊಂಡು ತಿಂದಳು. ಎಷ್ಟೋ ದಿನದಿಂದ ಗಂಟಲಲ್ಲಿ ಅನ್ನ ಇಳಿಯದವಳು ಅವಳು. ಇದನ್ನು ಕಂಡು ವರ್ನಾಗೆ ಇನ್ನೂ ಸಿಟ್ಟು ಬಂತು.

ಸುದ್ದಿ ಮಿಸ್ ಇಸ್ಮೇ ಅವರಿಗೆ ಮುಟ್ಟಿದ್ದು ಭಾನುವಾರ, ಚರ್ಚಿನಲ್ಲಿ. ಡೆಲ್ರೀನ್ ಬಂದು ಕೂತ ಸಾಲಿನಿಂದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬೇರೆ ಸಾಲಿಗೆ ಹೋದರು. ಬಸುರಿಯೊಬ್ಬಳು ಹೊಟ್ಟೆಯ ಮೇಲೆ ಸೆರಗಿನಂತೆ ಶಾಲು ಎಳೆದುಕೊಂಡಳು. ಹುಡುಗಿ ಆ ಉದ್ದನೆಯ ಬೆಂಚಿನಲ್ಲಿ ಒಬ್ಬಳೇ ಕೂತು ಪ್ರಾರ್ಥನೆ ಹೇಳಿದಳು. ಮಿಸ್ ಇಸ್ಮೇ ಅವರ ಮೈ ಉರಿದುಹೋಯಿತು. ತನ್ನ ಕ್ಲಾಸಿನ ಕೂಸು, ತಾನು ಹದಿನೆಂಟು ಕೊಟ್ಟ ಕೂಸು. ಪ್ರಾರ್ಥನೆ ಮುಗಿಯುವುದನ್ನೂ ಕಾಯದೆ ಆಕೆ ಎದ್ದುಹೋಗಿ ಡೆಲ್ರೀನಳ ಪಕ್ಕ ಕೂತರು.

ಮುಗಿದ ಮೇಲೆ ಆ ಹುಡುಗಿಯ ಕೈ ಹಿಡಿದುಕೊಂಡು ಸೀದಾ ದಡಕ್ಕೆ ನಡೆದರು. ಊರು ಹಿಂದೆ ಬಂತು. ಲೇಡಿ ವರ್ನಾದ ಪಕ್ಕ ಕಾಸ್ಮೋರ್ ಕೂತಿದ್ದ. ಮಿಸ್ ಇಸ್ಮೇ ಕೊಡೆಯ ತುದಿಯನ್ನು ಉಸುಕಿಗೆ ಊರಿ, ಕ್ಲಾಸಿನಲ್ಲಿ ನಿಂತ ಹಾಗೇ ನಿಂತರು.

"ನಿಮ್ಮಲ್ಲಿ ಅರ್ಧ ಜನಕ್ಕೆ ನಾನೇ ಪಾಠ ಹೇಳಿದ್ದು. ಕತೇಲಿ 'ನಾನು' ಅಂತ ಬಂದ್ರೆ ಅದು ಬರೆದವಳಲ್ಲ ಅಂತ ಬಡ್ಕೊಂಡು ಬಡ್ಕೊಂಡು ಹೇಳಿದ್ದೆ. ನಾಚಿಕೆ ಆಗಬೇಕು ನಿಮಗೆ. ಇದು ಕಟ್ಟಿದ ಕತೆ. ಕ್ಯಾಪ್ಟನ್ನೂ ಇಲ್ಲ, ಚಾಕೂನೂ ಇಲ್ಲ, ಕೊಳೆತ ಹಲಗೇನೂ ಇಲ್ಲ. ನಾನು ಗುರುತು ಇಟ್ಟು ಬರೀರಿ ಅಂದೆ, ಈ ಹುಡುಗಿ ಬರೆದ್ಲು. ತಪ್ಪಿದ್ರೆ ನಂದು."

ಟ್ಯಾಂಟಿ ಫೀಲೋ ಮುಂದೆ ಬಂದು, "ಹಂಗಾದ್ರೆ ಆ ಹುಡುಗೀನೇ ಹೇಳಲಿ ಮಿಸ್. ಹಾಕಿದ ಬಾಯಿನ ಹಾಕಿದವಳೇ ವಾಪಸ್ ತೆಗೀಬೇಕು. ನಾವು ಕೇಳಿಸ್ಕೋತೀವಿ," ಎಂದಳು.

"ಹೇಳು ಡೆಲ್ರೀನ್."

ಡೆಲ್ರೀನ್ ಅಪ್ಪನ ಕಡೆ ನೋಡಿದಳು. ಕಾಸ್ಮೋರ್ ತನ್ನ ಕಾಲಬೆರಳುಗಳನ್ನು ನೋಡುತ್ತಿದ್ದ. ಆ ದೋಣಿಯನ್ನು ಕಟ್ಟಿದವನು ಅವನ ಅಪ್ಪ, ಅದೇ ಉಸುಕಿನ ಮೇಲೆ, ಅವನ ಕಣ್ಣೆದುರಿಗೆ. ಊರೆಲ್ಲ ನಿಂತಿರುವಾಗ ಆ ಕೈಕೆಲಸಕ್ಕೆ ಹುಳುಕು ಹಿಡಿದಿದೆ ಎಂದು ಹೇಳಲು ಅವನಿಂದ ಆಗಲಿಲ್ಲ. ಸಾಯುವುದು ಅದಕ್ಕಿಂತ ಸುಲಭ ಅನ್ನುವ ಜಾತಿಯ ಗಂಡಸು ಅವನು, ಅಂಥವರಿಗೆ ಏನು ಹೇಳುವುದು.

"ಹೇಳಲೇಬೇಕಾ ಮಿಸ್?" ಎಂದಳು ಹುಡುಗಿ, ಮೆಲ್ಲಗೆ.

"ಹೆದರಬೇಡ ಕಂದಾ. ನಾನಿದ್ದೀನಲ್ಲ. ಕಟ್ಟಿದ ಕತೆ ಅನ್ನು, ಸಾಕು."

ಕಾಸ್ಮೋರ್ ತಲೆ ಎತ್ತಿದ. "ಹೌದು ಮಗಳೇ. ನೀನೇ ಕಟ್ಟಿದ್ದು ತಾನೆ? ಹೇಳಿಬಿಡು."

ಹುಡುಗಿ ಅಪ್ಪನ ಮುಖವನ್ನೂ ಮಿಸ್ಸಿನ ಮುಖವನ್ನೂ ನೋಡಿದಳು. ಅವಳ ಇಡೀ ಲೋಕದಲ್ಲಿ ಅವಳು ನಂಬಿದವರು ಆ ಇಬ್ಬರೇ. ಇಬ್ಬರೂ ಒಂದೇ ಮಾತು ಕೇಳುತ್ತಿದ್ದರು. "ಕತೆ. ನಾನೇ ಕಟ್ಟಿದ್ದು," ಎಂದಳು. ಹೇಳಿದವಳೇ ಮಿಸ್ಸಿನ ಕೈ ಬಿಡಿಸಿಕೊಂಡು ಮನೆಗೆ ಓಡಿದಳು.

"ನೋಡಿದ್ರಾ, ಎಷ್ಟು ಅವಮಾನ ಮಾಡಿದ್ರಿ ಮಗೂಗೆ," ಎಂದರು ಮಿಸ್ ಇಸ್ಮೇ.

ಸೋಮವಾರ ಬೆಳಕು ಹರಿಯುವ ಮುಂಚೆ ಆಕೆ ಮತ್ತೆ ದಡಕ್ಕೆ ಬಂದರು. ಜನ ಮನಸ್ಸು ಬದಲಿಸಿದರೆ ಎಂಬ ಅಳುಕು. ಅಳುಕು ಸುಳ್ಳಾಗಲಿಲ್ಲ, ಲೇಡಿ ವರ್ನಾದ ಸರದಿ ಬಂದಾಗ ಗಂಡಸರು ಮತ್ತೆ ಒಬ್ಬರ ಮುಖ ಒಬ್ಬರು ನೋಡಿದರು. ಗಾಳಿ ಇರಲಿಲ್ಲ. ನೀರು ಎಣ್ಣೆ ಸುರಿದಂತೆ ಮಲಗಿತ್ತು, ಹಕ್ಕಿ ಒಂದೂ ಕೂಗಲಿಲ್ಲ. ಮಿಸ್ ಇಸ್ಮೇ ಕೊಡೆಯನ್ನು ಕೆಳಗಿಟ್ಟರು. ಕಪ್ಪು ಬೂಟಿನಲ್ಲೇ ನೀರಂಚಿಗೆ ಇಳಿದು, ದೋಣಿಯ ಹಿಂಬದಿಗೆ ಎರಡೂ ಕೈ ಕೊಟ್ಟರು.

"ನನಗೂ ತಗಲಲಿ ನೋಡೋಣ. ತಳ್ಳಿ."

ಆಮೇಲೆ ಯಾವ ಗಂಡಸು ಸುಮ್ಮನೆ ನಿಲ್ಲುತ್ತಾನೆ? ಒಬ್ಬ ಬಂದ, ಇನ್ನೊಬ್ಬ ಬಂದ, ಎಲ್ಲರೂ ಬಂದರು. ತಳ್ಳುವಾಗ ಮಿಸ್ ಇಸ್ಮೇ ಅವರ ಬಲ ಅಂಗೈ ಕೆಳಗೆ ಮರ ಸ್ವಲ್ಪ ಒಳಕ್ಕೆ ಹೋದ ಹಾಗಾಯಿತು. ಹೊಸ ಬಣ್ಣ ಇನ್ನೂ ಗಟ್ಟಿಯಾಗಿಲ್ಲ ಅಂದುಕೊಂಡರು. ದೋಣಿ ಜಾರಿ ನೀರು ಸೇರಿತು. ಕಾಸ್ಮೋರ್ ಎಂಜಿನ್ ಎಳೆದು, ಆಕೆಯ ಕಡೆ ತಿರುಗಿ ಟೋಪಿ ತೆಗೆದ. ನಗಲು ಹೋದ, ನಗು ಪೂರ್ತಿ ಬರಲಿಲ್ಲ.

ಒದ್ದೆ ಬೂಟಿನಲ್ಲೇ ಆಕೆ ಗುಡ್ಡ ಹತ್ತಿ ಶಾಲೆಗೆ ಬಂದು, ಬೋರ್ಡಿನ ತುಂಬ ಡೆಲ್ರೀನಳ ಕತೆಯ ಮೊದಲ ಭಾಗ ಬರೆದರು. ಕೆಳಗೆ ಪ್ರಶ್ನೆಗಳು. ಮಗುವಿಗೆ ಕಳೆದುಹೋದ ಮಾನ ಮರಳಿ ಕೊಡಬೇಕು, ಅದಕ್ಕೆ ಇದಕ್ಕಿಂತ ಬೇರೆ ದಾರಿ ಆಕೆಗೆ ತಿಳಿದಿರಲಿಲ್ಲ. ಡೆಲ್ರೀನ್ ಬಂದು ತನ್ನ ಜಾಗದಲ್ಲಿ ಕೂತಳು. ಮುಖ ಬೂದಿ ಬಳಿದಂತಿತ್ತು. ಪಕ್ಕದವಳು ಸ್ವಲ್ಪ ಸರಿದು ಕೂತಳು.

"ಕ್ಯಾಪ್ಟನ್ ಟಾರಿನ ಮೇಲೆ ಬಣ್ಣ ಯಾಕೆ ಬಳಿದ?"

"ಯಾರಿಗೂ ಕಾಣಬಾರದು ಅಂತ ಮಿಸ್."

"ಭೇಷ್. ಯಾವ ಸಾಲಿಂದ ಗೊತ್ತಾಯ್ತು?"

"'ಅಮ್ಮನಿಗೆ ಹೇಳಬೇಡ ಅಂದ' ಮಿಸ್."

"ಭೇಷ್. ಹಲಗೆ ಮೆತ್ತಗಿತ್ತು ಅಂತ ನಿರೂಪಕಿಗೆ ಹೇಗೆ ಗೊತ್ತು? ಯಾರು ಹೇಳ್ತೀರಾ? ಡೆಲ್ರೀನ್, ನೀನೇ ಹೇಳು. ಕತೆಗಾರ್ತಿ ಬಾಯಿಂದಲೇ ಕೇಳೋಣ."

ಡೆಲ್ರೀನ್ ಎದ್ದಳು. ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ನಾನು ಟಾರಿನ ಡಬ್ಬಿ ಹಿಡ್ಕೊಂಡು ಅಲ್ಲೇ ನಿಂತಿದ್ದೆ ಮಿಸ್."

"'ನಾನು' ಅಲ್ಲಮ್ಮ. ನಿರೂಪಕಿ ಅನ್ನು."

"ನಾನೇ ಮಿಸ್."

"ಡೆಲ್ರೀನ್, ಎಷ್ಟು ಸಲ ಹೇಳಿದ್ದೀನಿ—"

"ನಾನೇ ಮಿಸ್. ನಮ್ಮಪ್ಪ ಚಾಕು ಚುಚ್ಚಿದಾಗ ನಾನೇ ಇದ್ದೆ. ಹಿಡಿವರೆಗೂ ಹೋಯ್ತು."

ಸೀಮೆಸುಣ್ಣ ಆಕೆಯ ಕೈಯಿಂದ ಬಿತ್ತು. ಬಲ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ಅಲ್ಲಿ ನೀಲಿ ಬಣ್ಣದ ಒಂದು ಚೂರೂ ಅಂಟಿರಲಿಲ್ಲ, ಬಣ್ಣ ಎಂದೋ ಒಣಗಿ ಗಟ್ಟಿಯಾಗಿತ್ತು. ಒಳಕ್ಕೆ ಹೋದದ್ದು ಮರ. ಆಕೆ ಕಿಟಕಿಗೆ ಹೋಗಿ ನೋಡಿದರು. ಕಡಲು ಅಷ್ಟೂ ಉದ್ದಕ್ಕೆ ಬಿದ್ದುಕೊಂಡಿತ್ತು, ದೂರದಲ್ಲಿ ದೋಣಿಗಳು ಕಪ್ಪು ಚುಕ್ಕೆಗಳಾಗಿದ್ದವು, ಯಾವುದರ ಬಣ್ಣವೂ ತಿಳಿಯುವಂತಿರಲಿಲ್ಲ.

ಐವತ್ತು ದಾಟಿದ ಹೆಂಗಸು ಆ ಗುಡ್ಡವನ್ನು ಓಡಿಕೊಂಡು ಇಳಿದದ್ದನ್ನು ಊರು ಅವತ್ತು ಮೊದಲ ಸಲ ಕಂಡಿತು. ಕೊಡೆ ಇರಲಿಲ್ಲ, ಮುಡಿ ಬಿಚ್ಚಿಹೋಗಿತ್ತು. ಮೀನುಗಾರರ ಶೆಡ್ಡಿನಲ್ಲಿದ್ದ, ದೋಣಿಗಳ ಜೊತೆ ಮಾತಾಡುವ ರೇಡಿಯೋದ ಮುಂದೆ ನಿಂತು, "ಕಾಸ್ಮೋರನ್ನ ಕರೀರಿ, ಹಲಗೆ ಕೊಳೆತಿದೆ, ವಾಪಸ್ ಬಾ ಅನ್ನಿ," ಎಂದರು. ಶೆಡ್ಡಿನವನು ಕರೆದ. ಮತ್ತೆ ಮತ್ತೆ ಕರೆದ. ಬೇರೆ ದೋಣಿಯವರೆಲ್ಲ ಓಗೊಟ್ಟರು. ಲೇಡಿ ವರ್ನಾ ಹೊರಗಡಲಿನ ಮರಳುದಿಬ್ಬದ ಕಡೆ ಹೋದದ್ದನ್ನು ನೋಡಿದೆವು, ಆಮೇಲೆ ಕಾಣಲಿಲ್ಲ, ಅಂದರು.

ಮಧ್ಯಾಹ್ನಕ್ಕೆ ಒಂದೊಂದೇ ದೋಣಿ ಮರಳಿ ಬಂತು. ಹುಡುಕಲು ಹೋದವರೂ ಬಂದರು, ಮತ್ತೆ ಹೋದರು. ಸಂಜೆಗೆ ಕರಾವಳಿ ಕಾವಲಿನವರು ಅಲೆಯ ಮೇಲೆ ತೇಲುತ್ತಿದ್ದ ಪೆಟ್ರೋಲ್ ಕ್ಯಾನೊಂದನ್ನು ಎತ್ತಿ ತಂದರು. ಅದರ ಮೇಲೆ ಕಾಸ್ಮೋರನ ಹೆಸರಿತ್ತು. ದೋಣಿಯ ಒಂದು ಚಕ್ಕೆಯೂ ಸಿಗಲಿಲ್ಲ. ಹಿಂಬದಿ ಬಿರಿದು, ಎಂಜಿನ್ನಿನ ಭಾರಕ್ಕೆ ನೆಟ್ಟಗೆ ತಳಕ್ಕೆ ಹೋಗಿರಬೇಕು. ಯಾರು ಕಂಡವರು?

ಡೆಲ್ರೀನ್ ದಡದ ಕಟ್ಟೆಯ ತುದಿಯಲ್ಲಿ ಕೂತಿದ್ದಳು. ಮಿಸ್ ಇಸ್ಮೇ ಹೋಗಿ ಅವಳ ಪಕ್ಕ ಕುಸಿದರು. ಏನೇನೋ ಹೇಳಬೇಕೆಂದಿದ್ದರು. ಬಾಯಿಗೆ ಬಂದದ್ದು, "ಯಾಕಮ್ಮ ನನ್ನ ಹತ್ರ ಬಂದು ಹೇಳಲಿಲ್ಲ?" ಎಂಬುದೊಂದೇ.

ಹುಡುಗಿ ತಿರುಗಿ ನೋಡಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯ.

"ನಾನು ಬಾಯಲ್ಲಿ ಹೇಳೋ ಹಂಗಿರಲಿಲ್ಲ ಮಿಸ್. ಅದಕ್ಕೇ ಬರೆದೆ. ನೀವು ಓದಿದ್ರಿ ಅಂದ್ಕೊಂಡೆ. ಮಾರ್ಕ್ಸ್ ಕೊಟ್ರಲ್ಲ."

ತೀರಿಹೋದವರಿಗೆ ಅಲ್ಲಿ ಮಾಡುವ ಒಂಬತ್ತನೇ ದಿನದ ಪ್ರಾರ್ಥನೆ ಕಾಸ್ಮೋರನ ಅಂಗಳದಲ್ಲಿ ನಡೆಯಿತು, ಮಧ್ಯಾಹ್ನದ ಬಿಸಿಲಿಗೆ ಹಾಯಿಬಟ್ಟೆ ಕಟ್ಟಿದ್ದರು. ಊರು ತುಂಬಿತ್ತು. ವರ್ನಾಳನ್ನು ಹೆಂಗಸರು ನಡುವೆ ಕೂರಿಸಿಕೊಂಡಿದ್ದರು. ಅವಳು ಮಗಳ ಕಡೆ ನೋಡುತ್ತಿರಲಿಲ್ಲ. ಡೆಲ್ರೀನ್ ಬೇಲಿಯ ಹತ್ತಿರ ಒಂದು ಖಾಲಿ ಡಬ್ಬದ ಮೇಲೆ ಕೂತಿದ್ದಳು, ಅವಳ ಸುತ್ತ ಎಂಟು ಜನ ಕೂರುವಷ್ಟು ಜಾಗ ಬಿಟ್ಟಿದ್ದರು. ಕೋಕೋ ಚಹಾದ ತಟ್ಟೆ ಎಲ್ಲರ ಮುಂದೆ ಹೋಯಿತು, ಅವಳಿಗಿಂತ ಮುಂಚಿನವನ ಹತ್ತಿರ ನಿಂತು ತಿರುಗಿತು. ಅವಳನ್ನು ದೊಡ್ಡ ಊರಿನ ಅನಾಥಾಲಯದ ಸಿಸ್ಟರುಗಳ ಹತ್ತಿರ ಬಿಡುವ ಮಾತು ಆಗಲೇ ಶುರುವಾಗಿತ್ತು.

ಮಿಸ್ ಇಸ್ಮೇ ಎದ್ದು ನಿಂತರು. ಪಾದ್ರಿ ಪುಸ್ತಕ ಮುಚ್ಚಿ ದಾರಿ ಬಿಟ್ಟುಕೊಟ್ಟಂತೆ ಪಕ್ಕಕ್ಕೆ ಸರಿದರು.

"ಈ ಹುಡುಗಿ ಬಾಯಿ ಹಾಕಿಲ್ಲ," ಎಂದರು ಆಕೆ. ಕ್ಲಾಸಿನ ದನಿ ಅದಲ್ಲ, ಒಡೆದುಹೋಗಿತ್ತು. "ಕೊಳೆತ ಹಲಗೇನ ಅವಳು ಕಣ್ಣಾರೆ ಕಂಡಿದ್ಲು. ಕಂಡಿದ್ದನ್ನ ಬರೆದು ನನ್ನ ಕೈಗೆ ಕೊಟ್ಲು. ನನಗೆ ಓದೋಕೆ ಬರಲಿಲ್ಲ. ನೀವೆಲ್ಲ ದೋಣಿ ತಡೆದು ನಿಲ್ಲಿಸಿದ್ರಿ, ಅವನು ಬದುಕಿದ್ದ. ಬಂದು ತಳ್ಳಿದವಳು ನಾನು. ಅವಳ ಬಾಯಿಂದ ಸುಳ್ಳು ಹೇಳಿಸಿದವಳೂ ನಾನು. ಮರ ಮೆತ್ತಗಿದ್ದದ್ದು ನನ್ನ ಕೈಗೇ ಗೊತ್ತಾಗಿತ್ತು."

ಟ್ಯಾಂಟಿ ಫೀಲೋ ಎದ್ದು ಬಂದು ಆಕೆಯ ಭುಜ ಹಿಡಿದಳು, ಬಹಳ ಮೆತ್ತಗೆ.

"ಕೂತ್ಕೊಳ್ಳಿ ಮಿಸ್. ನಿಮ್ಮ ಮನಸ್ಸು ಎಷ್ಟು ದೊಡ್ಡದು ಅಂತ ಊರಿಗೇ ಗೊತ್ತು. ಆ ಹುಡುಗಿ ಮೇಲಿನ ಮಾತು ತಪ್ಪಿಸೋಕೆ ನೀವು ಕತೆ ಕಟ್ತಿದ್ದೀರಿ."

"ಕತೆ ಅಲ್ಲ ಫೀಲೋ. ನಾನೇ ತಳ್ಳಿದ್ದು."

"ಆಯ್ತು ಮಿಸ್, ಆಯ್ತು. ಯಾರಾದ್ರೂ ನೀರು ಕೊಡಿ ಇವರಿಗೆ."

ಮಿಸ್ ಇಸ್ಮೇ ನೀರು ಮುಟ್ಟಲಿಲ್ಲ. ಕಿಕ್ಕಿರಿದ ಜನರ ನಡುವೆ ದಾರಿ ಮಾಡಿಕೊಂಡು ಬೇಲಿಯ ಹತ್ತಿರ ಹೋಗಿ, ಡೆಲ್ರೀನಳ ಪಕ್ಕ ನಿಂತು, ಇನ್ನೊಂದು ಸಲ ಹೇಳಿದರು, ಮೊದಲಿಗಿಂತ ಗಟ್ಟಿಯಾಗಿ, ಒಂದೊಂದು ಮಾತನ್ನೂ ಬಿಡಿಸಿ. ಎಲ್ಲರೂ ಮರ್ಯಾದೆಯಿಂದ ತಲೆ ತಗ್ಗಿಸಿ ಕೇಳಿದರು. ಆಕೆ ಮುಗಿಸಿದ ಮೇಲೆ ಯಾರೋ ಆಮೆನ್ ಅಂದರು, ಪಾದ್ರಿ ಪುಸ್ತಕ ತೆರೆದು ಪ್ರಾರ್ಥನೆ ಮುಂದುವರಿಸಿದರು.